ಉಪಕಾಲುವೆ ರೈತರ ಸಭೆ ಫೋನಲ್ಲೇ ಮಾಡೋಕೆ ಯಾವ ಆ್ಯಪ್ ಒಳ್ಳೇದು?

ಸಿರವಾರದ ರೈತ
ಎಲ್ಲರಿಗೂ ನಮಸ್ಕಾರ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ. ಒಂದೇ ಉಪಕಾಲುವೆ ಕೆಳಗೆ ಹೊಲ ಇರುವವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. 60ಕ್ಕೂ ಜಾಸ್ತಿ ಮಂದಿ. ಕೆಲವರು ಊರಲ್ಲಿ, ಕೆಲವರು ಆಂಧ್ರ ಕಡೆಯಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ. ಹೊಲ ಇಲ್ಲಿ ಬಿಟ್ಟು ಬೆಂಗಳೂರು, ಹೈದರಾಬಾದಿಗೆ ದುಡಿಯೋಕೆ ಹೋದವರೂ ಇದ್ದಾರೆ.

ನೀರಿನ ಸರದಿ ವಿಷಯ ವಾರಗಟ್ಟಲೆ ಕಾಯಲ್ಲ. ಗೇಜು, ಅಂದರೆ ಕಾಲುವೆ ನೀರಿನ ಮಟ್ಟದ ಅಳತೆ, ಇಳಿಯಿತು ಅಂದರೆ ಯಾವ ತೂಬು ತೆರೆಯಬೇಕು, ಯಾವುದು ಮುಚ್ಚಬೇಕು ಅಂತ ಆ ರಾತ್ರಿಯೇ ತೀರ್ಮಾನ ಆಗಬೇಕು. ಗುಡಿ ಕಟ್ಟೆಗೆ ಬಂದವರು ನಾಲ್ಕು ಮಂದಿ ಮಾತಾಡಿ ಎದ್ದರೆ ಬಾರದವರು ಒಪ್ಪಲ್ಲ. ಮರುದಿನ ಕಾಲುವೆ ಮೇಲೆ ಜಗಳ. ವಾಟ್ಸಾಪ್ ಗುಂಪಿನಲ್ಲಿ ವಾಯ್ಸ್ ಮೆಸೇಜ್ ರಾಶಿ ಬೀಳುತ್ತವೆ, ಪೂರ್ತಿ ಕೇಳುವವರು ಯಾರೂ ಇಲ್ಲ.

ಫೋನಲ್ಲೇ ಎಲ್ಲರೂ ಸೇರಿ ಮಾತಾಡಬೇಕು. ದುಡ್ಡು ಕೊಡೋ ಹಾಗಿರಬಾರದು. ವಯಸ್ಸಾದವರಿಗೂ ಬರಬೇಕು. ಇಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೇ. ಬಳಸಿದವರು ಹೇಳಿ.

ಬಳ್ಳಾರಿ ಟೆಕ್ಕಿ
ಅಣ್ಣಾ, ಮೊದಲು ಲೆಕ್ಕ ಹೇಳುತ್ತೇನೆ. ಪುಕ್ಕಟೆ ಬಳಸಿದರೆ ಜೂಮ್‌ನಲ್ಲಿ 100 ಜನ, 40 ನಿಮಿಷ. ಗೂಗಲ್ ಮೀಟ್‌ನಲ್ಲಿ 100 ಜನ, 60 ನಿಮಿಷ. ಮೈಕ್ರೋಸಾಫ್ಟ್ ಟೀಮ್ಸ್ ಕೂಡ 100 ಜನ, 60 ನಿಮಿಷ. ವಾಟ್ಸಾಪ್ ಕಾಲ್‌ಗೆ ಇಂಥ ಸಮಯದ ಮಿತಿ ಇಲ್ಲ, ಆದರೆ 32 ಜನ ಮಾತ್ರ.

ನನ್ನ ಕೇಳಿದರೆ ಮೀಟ್. ಎಷ್ಟೋ ಆಂಡ್ರಾಯ್ಡ್ ಫೋನಲ್ಲಿ ಅದು ಮೊದಲೇ ಇರುತ್ತದೆ. 2022ರಲ್ಲಿ ಗೂಗಲ್ ಡುವೋ ಕೂಡ ಅದರಲ್ಲೇ ಸೇರಿಹೋಯಿತು. ಬೇರೆ ಆ್ಯಪ್ ಹಾಕಿಕೊಳ್ಳಿ ಅಂತ 60 ಮಂದಿಗೆ ಹೇಳೋದು ಸುಲಭದ ಕೆಲಸ ಅಲ್ಲ.

ತೋರಣಗಲ್ಲು ಶಿಫ್ಟ್
ಸ್ಕೈಪ್ ಬಳಸಿ, ಹಳೇದು, ನಂಬಬಹುದು.

ಬಳ್ಳಾರಿ ಟೆಕ್ಕಿ
ಸ್ಕೈಪ್ 2025ರ ಮೇ ತಿಂಗಳಲ್ಲೇ ಮುಚ್ಚಿತು ಅಣ್ಣಾ.

ಕಾರಟಗಿ ಕಾಕಾ
ಏನ್ ತಮ್ಮಾ, ನೀರಿನ ಸರದಿ ಮಾತಾಡೋಕೆ ಮುಖ ಯಾಕೆ ನೋಡಬೇಕು? ಮಾತು ಕೇಳಿಸಿದರೆ ಸಾಕು. ನಮ್ಮ ಕಾಲದಲ್ಲಿ ಡಂಗುರ ಹೊಡೆಸಿ ಸೇರುತ್ತಿದ್ದೆವು, ಯಾರೂ ತಪ್ಪಿಸುತ್ತಿರಲಿಲ್ಲ. ನನ್ನ ಹತ್ತಿರ ಕೀಪ್ಯಾಡ್ ಫೋನ್ ಇದೆ. ನನ್ನಂಥವರು ನಿಮ್ಮ ಗುಂಪಿನಲ್ಲೂ ಇರುತ್ತಾರೆ. ಈ ಮಾತೆಲ್ಲ ಮೊಮ್ಮಗನ ಕೈಯಲ್ಲಿ ಬರೆಸುತ್ತಿದ್ದೇನೆ. ನಮ್ಮನ್ನು ಎಲ್ಲಿ ಸೇರಿಸುತ್ತೀರಿ?

ಸಿರವಾರದ ರೈತ
ಇದ್ದಾರೆ ಕಾಕಾ, ಏಳೆಂಟು ಮಂದಿ. ಅವರ ಹೊಲಾನೇ ಕಾಲುವೆಯ ತುದಿಯಲ್ಲಿರೋದು. ಅವರಿಲ್ಲದೆ ಸಭೆ ಮಾಡಿದರೆ ಮಾಡಿದ ಹಾಗೇ ಅಲ್ಲ.

ಬಳ್ಳಾರಿ ಟೆಕ್ಕಿ
ಕೀಪ್ಯಾಡ್ ಫೋನ್‌ಗಳಿಗೆ ಕಾನ್ಫರೆನ್ಸ್ ಕಾಲ್ ಇದೆ. ಆದರೆ ಒಬ್ಬರು ಸಾಮಾನ್ಯವಾಗಿ 5 ಜನರನ್ನು ಮಾತ್ರ ಜೋಡಿಸಬಹುದು. ಅದರಲ್ಲಿ 60 ಮಂದಿ ಆಗಲ್ಲ.

ಬೆಂಗಳೂರಿನ ದೇವದುರ್ಗದವ
ನಾನು ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತೇನೆ. ಊರಿನ ಸಭೆಗೆ ಸೈಟಿನ ಶೆಡ್ಡಿನಿಂದಲೇ ಸೇರುತ್ತೇನೆ. ಯಾರೂ ಡೇಟಾ ಬಗ್ಗೆ ಮಾತಾಡಿಲ್ಲ ನೋಡಿ. ಗುಂಪಿನ ವಿಡಿಯೋ ಸಭೆ ಅಂದರೆ ಗಂಟೆಗೆ ಹತ್ತಿರ ಹತ್ತಿರ 1 ಜಿಬಿ ಹೋಗುತ್ತದೆ, ಒಮ್ಮೊಮ್ಮೆ ಇನ್ನೂ ಜಾಸ್ತಿ. ದಿನಕ್ಕೆ ಒಂದೂವರೆ ಜಿಬಿ ರೀಚಾರ್ಜ್ ಹಾಕಿಸಿದವನಿಗೆ ಅಲ್ಲಿಗೆ ಮುಗಿಯಿತು. ಆಮೇಲೆ ಹೆಂಡತಿ ಮಕ್ಕಳಿಗೆ ವಿಡಿಯೋ ಕಾಲ್ ಮಾಡೋಕೂ ಆಗಲ್ಲ. ಬರೀ ಮಾತು ಅಂದರೆ ಅದರ ಹತ್ತರಲ್ಲಿ ಒಂದು ಪಾಲೂ ಆಗಲ್ಲ. ಯಾವ ಆ್ಯಪ್ ಆದರೂ ಸರಿ, ಕ್ಯಾಮೆರಾ ಬಂದ್ ಇರಲಿ. ಕಾಕಾ ಹೇಳಿದ್ದು ಸರಿಯಾಗಿದೆ.

ಮಾನ್ವಿ ಮೇಷ್ಟ್ರು
ಕ್ಯಾಮೆರಾ ಬಂದ್ ಮಾಡುವುದಕ್ಕೆ ನನ್ನದೂ ಒಪ್ಪಿಗೆ. ಕೊರೊನಾ ಕಾಲದಲ್ಲಿ ಫೋನಲ್ಲೇ ಪಾಠ ಮಾಡಿದವನು ನಾನು. ಒಂದು ಮಾತು ಹೇಳುತ್ತೇನೆ. ಸಭೆ ಕೆಡುವುದು ಆ್ಯಪ್‌ನಿಂದಲ್ಲ, ಮೈಕ್‌ನಿಂದ. ಇಪ್ಪತ್ತು ಫೋನಿನ ಮೈಕ್ ಒಟ್ಟಿಗೆ ತೆರೆದಿದ್ದರೆ ಒಂದು ಕಡೆ ಟ್ರ್ಯಾಕ್ಟರ್, ಒಂದು ಕಡೆ ಟಿವಿ, ಇನ್ನೊಂದು ಕಡೆ ಗುಡಿಯ ಸ್ಪೀಕರ್. ಒಂದೇ ಮನೆಯಲ್ಲಿ ಅಪ್ಪ ಮಗ ಇಬ್ಬರೂ ಬೇರೆ ಬೇರೆ ಫೋನಿನಲ್ಲಿ ಸ್ಪೀಕರ್ ಹಾಕಿ ಕೂತರೆ ಕುಯ್ಯೋ ಅಂತ ಶುರುವಾಗುತ್ತದೆ, ಅದು ನಿಲ್ಲುವುದೇ ಇಲ್ಲ. ಒಂದು ಮನೆಗೆ ಒಂದೇ ಫೋನ್ ಅಂತ ಮೊದಲೇ ಹೇಳಿಬಿಡಿ.

ಜೂಮ್, ಮೀಟ್ ಎರಡರಲ್ಲೂ ಸಭೆ ಕರೆದವರು ಎಲ್ಲರನ್ನೂ ಒಮ್ಮೆಗೇ ಮ್ಯೂಟ್ ಮಾಡಬಹುದು. ಕೈ ಎತ್ತುವ ಗುರುತು ಇದೆ. ಕೈ ಎತ್ತಿದವರನ್ನು ಹೆಸರು ಹಿಡಿದು ಕರೆದು ಮಾತಾಡಿಸಿ. ಸಭೆ ನಡೆಸುವವರು ಒಬ್ಬರು, ಫೋನ್ ನೋಡಿಕೊಳ್ಳುವವರು ಇನ್ನೊಬ್ಬರು ಇರಲಿ. ಎರಡೂ ಒಬ್ಬರೇ ಮಾಡಲು ಹೋದರೆ ಎರಡೂ ಆಗುವುದಿಲ್ಲ.

ಸಂಘದಕ್ಕ, ಕೊಪ್ಪಳ
ನಮ್ಮ ಸ್ತ್ರೀಶಕ್ತಿ ಸಂಘಗಳ ಸಭೆ ನಾವು ಬೇರೆ ರೀತಿ ಮಾಡುತ್ತೇವೆ. ಓಣಿಗೆ ಒಂದು ಒಳ್ಳೆ ಫೋನ್ ಗೊತ್ತು ಮಾಡಿದ್ದೇವೆ. ಅದರ ಸುತ್ತ ಐದಾರು ಜನ ಕೂರುತ್ತೇವೆ. ಹಾಗೆ ಕೂತರೆ ವಾಟ್ಸಾಪ್‌ನ 32 ಜನ ಧಾರಾಳ ಆಯಿತು. ಫೋನ್ ಇಲ್ಲದವರೂ ಬಂದ ಹಾಗಾಯಿತು, ಹೊಸ ಆ್ಯಪ್ ಕಲಿಸುವ ಕಿರಿಕಿರಿಯೂ ಇಲ್ಲ. ಕಾಕಾ ಅವರಂಥವರಿಗೆ ಇದೇ ದಾರಿ.

ಸಿಂಧನೂರು ಮೊಬೈಲ್
ಅಕ್ಕ ಹೇಳಿದ್ದು ನೂರಕ್ಕೆ ನೂರು. ಚಿಕ್ಕದೊಂದು ಬ್ಲೂಟೂತ್ ಸ್ಪೀಕರ್ ಇದ್ದರೆ ಹತ್ತು ಮಂದಿಗೂ ಕೇಳುತ್ತದೆ.

ಮಸ್ಕಿ ಹುಡುಗಿ
ನಾನು ಇದನ್ನು ಒಪ್ಪಲ್ಲ, ಯಾಕೆ ಅಂತ ಹೇಳುತ್ತೇನೆ.

ಸಂಘದಲ್ಲಿ ಎಲ್ಲರೂ ಹೆಣ್ಣುಮಕ್ಕಳು, ಅಲ್ಲಿ ನಡೆಯುತ್ತದೆ. ರೈತರ ಸಭೆ ಹಾಗಲ್ಲ. ಓಣಿಗೆ ಒಂದು ಒಳ್ಳೆ ಫೋನ್ ಅಂದರೆ ಅದು ಯಾರ ಮನೆಯಲ್ಲಿರುತ್ತದೆ? ಹತ್ತಿಪ್ಪತ್ತು ಎಕರೆ ಇರೋರ ಪಡಸಾಲೆಯಲ್ಲಿ. ನಮ್ಮದು ಎರಡು ಎಕರೆ, ಅವ್ವನ ಹೆಸರಿನಲ್ಲಿದೆ. ಆ ಪಡಸಾಲೆಗೆ ಅವ್ವ ಹೋಗಲ್ಲ. ಹೋದರೂ ಕಂಬದ ಆಚೆ ಕೂತು ಕೇಳಿಸಿಕೊಂಡು ಬರಬೇಕು, ಮಾತಾಡುವಂತಿಲ್ಲ. ಎಲ್ಲಾ ಊರಲ್ಲೂ ಹೀಗೆ ಅನ್ನಲ್ಲ, ನಮ್ಮಲ್ಲಿ ಹೀಗಿದೆ.

ಹೋದ ಬೆಳೆಗೆ ನಮ್ಮ ಕಡೆ ಸಭೆ ಫೋನಲ್ಲಿ ಆಯಿತು. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ಕೂತಿದ್ದಳು, ಫೋನ್ ಹಿಟ್ಟಿನ ಡಬ್ಬಿಗೆ ಒರಗಿಸಿ ಇಟ್ಟಿದ್ದೆ. ಅವಳ ಹೆಸರು ಕರೆದರು. ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಹಾಕಿ, ‘ನಮ್ಮ ತೂಬಿಗೆ ಮೂರು ಸರದಿಯಿಂದ ರಾತ್ರಿ ನೀರೇ ಬರುತ್ತಿದೆ, ಒಂದು ಸರದಿ ಹಗಲು ಕೊಡಿ, ನಾನು ಒಬ್ಬಳೇ ರಾತ್ರಿ ಕಾಲುವೆಗೆ ಹೇಗೆ ಹೋಗಲಿ?’ ಅಂದಳು. ಎಲ್ಲರೂ ಕೇಳಿದರು. ಕೊಟ್ಟರು. ಇಷ್ಟು ವರ್ಷದಲ್ಲಿ ಅವಳು ಆ ರೈತರ ಎದುರು ಬಾಯಿ ಬಿಟ್ಟಿದ್ದು ಅದೇ ಮೊದಲು.

ಒಬ್ಬೊಬ್ಬರೂ ತಮ್ಮ ತಮ್ಮ ಫೋನಿನಿಂದ ಬರುವ ಹಾಗಿರಲಿ. ಫೋನ್ ಇಲ್ಲದವರಿಗೆ ಮಾತ್ರ ಗುಂಪಾಗಿ ಕೂರುವ ವ್ಯವಸ್ಥೆ ಮಾಡಿ.

ಸಂಘದಕ್ಕ, ಕೊಪ್ಪಳ
ತಂಗೀ, ನೀನು ಹೇಳಿದ್ದು ಮನಸ್ಸಿಗೆ ತಾಕಿತು. ಹಾಗಾದರೆ ಫೋನ್ ಇಲ್ಲದವರು ಕೂರುವ ಜಾಗ ಅಂಗನವಾಡಿಯೋ ಶಾಲೆಯ ಕಟ್ಟೆಯೋ ಆಗಲಿ. ಯಾರ ಮನೆಯೂ ಬೇಡ.

ಸಿರವಾರದ ರೈತ
ತಂಗೀ, ನಮ್ಮ ಗುಂಪಲ್ಲೂ ಹೆಣ್ಣುಮಕ್ಕಳ ಹೆಸರಿನಲ್ಲಿ ಹೊಲ ಇದೆ. ಸಭೆಗೆ ಬರೋದು ಮಾತ್ರ ಅವರ ಗಂಡನೋ ಮೈದುನನೋ. ಇದನ್ನು ಗಮನದಲ್ಲಿ ಇಟ್ಟುಕೊಳ್ಳುತ್ತೇನೆ.

ಗಂಗಾವತಿ ಸೋನಾ
32 ಅನ್ನೋದನ್ನು ಎಲ್ಲರೂ ಹಿಡಿದುಕೊಂಡಿದ್ದೀರಿ. ಅದು ರಿಂಗ್ ಆಗುವ ಕಾಲ್‌ಗೆ. ವಾಟ್ಸಾಪ್ ಗುಂಪಲ್ಲೇ ವಾಯ್ಸ್ ಚಾಟ್ ಅಂತ ಬೇರೆ ಇದೆ. 2023ರ ನವೆಂಬರ್‌ನಲ್ಲಿ 33ರಿಂದ 128 ಜನ ಇರುವ ಗುಂಪುಗಳಿಗೆ ಬಂತು, 2025ರಲ್ಲಿ ಚಿಕ್ಕ ಗುಂಪುಗಳಿಗೂ ಕೊಟ್ಟರು. ನಿಮ್ಮ 60 ಮಂದಿಯ ಗುಂಪಿಗೆ ಅಳತೆ ತೆಗೆದು ಹೊಲಿದ ಹಾಗಿದೆ. ಗುಂಪು ತೆರೆದು, ಕೆಳಗಿನಿಂದ ಮೇಲಕ್ಕೆ ಎಳೆದು ಸ್ವಲ್ಪ ಹೊತ್ತು ಹಿಡಿದರೆ ಶುರುವಾಗುತ್ತದೆ. ಬೇಕಾದಾಗ ಸೇರಬಹುದು, ಬೇಕಾದಾಗ ಹೊರಗೆ ಹೋಗಬಹುದು. ಬರೀ ಮಾತು, ಡೇಟಾನೂ ಕಡಿಮೆ.

ಬಳ್ಳಾರಿ ಟೆಕ್ಕಿ
ಇದು ಒಳ್ಳೆ ಮಾತು ಹೇಳಿದಿರಿ ಅಣ್ಣಾ. ಆದರೆ ಒಂದು ತೊಡಕಿದೆ. ಅದು ರಿಂಗ್ ಆಗಲ್ಲ, ಬರೀ ಒಂದು ನೋಟಿಫಿಕೇಶನ್ ಬರುತ್ತದೆ. ಹೊಲದಲ್ಲಿ ಇದ್ದವರಿಗೆ ಗೊತ್ತಾಗಲ್ಲ. ಇಷ್ಟು ಗಂಟೆಗೆ ಅಂತ ಮೊದಲೇ ಹೇಳಿರಬೇಕು.

ಬೆಂಗಳೂರಿನ ದೇವದುರ್ಗದವ
ಹೇಳಿದರೆ ಆಯಿತಲ್ಲ! ರಿಂಗ್ ಆಗದಿರೋದೇ ಒಳ್ಳೇದು. ರಾತ್ರಿ ಪಾಳಿ ಮಾಡಿ ಮಲಗಿದವನ ಫೋನ್ ಬಡಿದುಕೊಳ್ಳಲ್ಲ.

ತೋರಣಗಲ್ಲು ಶಿಫ್ಟ್
ಟೆಲಿಗ್ರಾಂನಲ್ಲೂ ವಾಯ್ಸ್ ಚಾಟ್ ಇದೆ, ಅದರಲ್ಲಿ ರೆಕಾರ್ಡ್ ಕೂಡ ಆಗುತ್ತದೆ.

ಸಿಂಧನೂರು ಮೊಬೈಲ್
ಟೆಲಿಗ್ರಾಂ ಹುಡುಗರ ಫೋನಲ್ಲಿ ಮಾತ್ರ ಇರುತ್ತದೆ ಗುರು. ನನ್ನ ಅಂಗಡಿಗೆ ಬರುವ ಹಿರಿಯರ ಫೋನಲ್ಲಿ ವಾಟ್ಸಾಪ್, ಯೂಟ್ಯೂಬ್, ಫೋನ್‌ಪೇ ಇಷ್ಟೇ. ಮೆಮೊರಿ ತುಂಬಿರುತ್ತದೆ, ಗುಡ್ ಮಾರ್ನಿಂಗ್ ಫೋಟೋಗಳೇ ರಾಶಿ. ಹೊಸ ಆ್ಯಪ್ ಹಾಕಲು ಜಾಗಾನೇ ಇರಲ್ಲ.

ಇನ್ನೊಂದು ಮುಖ್ಯ ವಿಷಯ. ಮೀಟಿಂಗ್ ಆ್ಯಪ್ ಅಂತ ವಾಟ್ಸಾಪ್‌ನಲ್ಲಿ ಯಾರಾದರೂ ಎಪಿಕೆ ಫೈಲ್ ಕಳಿಸಿದರೆ ಯಾರೂ ಒತ್ತಬೇಡಿ. ಕಳಿಸಿದವನು ನಿಮ್ಮ ಗುಂಪಿನವನೇ ಆಗಿದ್ದರೂ ಒತ್ತಬೇಡಿ, ಅವನ ಫೋನ್ ಮೊದಲೇ ಕೆಟ್ಟಿರಬಹುದು. ಬ್ಯಾಂಕಿನ ಒಟಿಪಿ ಕದಿಯೋಕೆ ಅಂತಲೇ ಇಂಥವು ಓಡಾಡುತ್ತವೆ. ಆ್ಯಪ್ ಬೇಕು ಅಂದರೆ ಪ್ಲೇ ಸ್ಟೋರಿನಿಂದ ಮಾತ್ರ. ದುಡ್ಡು ಹೋಯಿತು ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಅಷ್ಟು ಒಳ್ಳೇದು.

ಕಾರಟಗಿ ಕಾಕಾ
ಈ ಜೂಮ್ ಬಗ್ಗೆ ಸರ್ಕಾರವೇ ಬೇಡ ಅಂದಿತ್ತಲ್ಲ ತಮ್ಮಾ? ಟಿವಿಯಲ್ಲಿ ನೋಡಿದ ನೆನಪು.

ಬಳ್ಳಾರಿ ಟೆಕ್ಕಿ
ಹೌದು ಕಾಕಾ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಇಲಾಖೆ ಅದು ಅಷ್ಟು ಸುರಕ್ಷಿತ ಅಲ್ಲ, ಸರ್ಕಾರಿ ಕೆಲಸಕ್ಕೆ ಬಳಸಬೇಡಿ ಅಂತ ಸೂಚನೆ ಕೊಟ್ಟಿತ್ತು. ಆಗ ಲಿಂಕ್ ಸಿಕ್ಕವರೆಲ್ಲ ನುಗ್ಗಿ ಗಲಾಟೆ ಮಾಡುತ್ತಿದ್ದರು. ಆ ಸುಮಾರಿಗೇ ಪಾಸ್‌ಕೋಡ್, ಕರೆದವರು ಒಳಗೆ ಬಿಡುವವರೆಗೆ ಕಾಯಿಸುವ ವೇಟಿಂಗ್ ರೂಮ್ ಎಲ್ಲ ತಾನಾಗೇ ಆನ್ ಇರುವ ಹಾಗೆ ಮಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಎರಡು ತುದಿಯ ಮಧ್ಯೆ ಯಾರೂ ಕೇಳಿಸಿಕೊಳ್ಳಲಾಗದ ಗುಪ್ತ ವ್ಯವಸ್ಥೆಯನ್ನೂ ಕೊಟ್ಟರು. ಯಾವ ಆ್ಯಪ್ ಆದರೂ ಒಂದು ಮಾತು: ಲಿಂಕನ್ನು ಫೇಸ್‌ಬುಕ್‌ನಲ್ಲಿ ಹಾಕಬೇಡಿ, ಸ್ಟೇಟಸ್‌ಗೆ ಹಾಕಬೇಡಿ.

ಗಂಗಾವತಿ ಸೋನಾ
ನಮ್ಮ ದೇಶದ್ದೇ ಬೇಕು ಅಂದರೆ ಚೆನ್ನೈನ ಜೋಹೋ ಕಂಪನಿಯ ಮೀಟಿಂಗ್ ಆ್ಯಪ್ ಇದೆ. 2020ರಲ್ಲಿ ಕೇಂದ್ರ ಸರ್ಕಾರ ನಮ್ಮದೇ ವಿಡಿಯೋ ಸಭೆ ಆ್ಯಪ್ ಮಾಡಿ ಅಂತ ಸ್ಪರ್ಧೆ ಇಟ್ಟಾಗ ಗೆದ್ದದ್ದು ಕೇರಳದ ಆಲಪ್ಪುಳದ ಒಂದು ಚಿಕ್ಕ ಕಂಪನಿ. ದೊಡ್ಡ ಊರಿನವರೇ ಮಾಡಬೇಕು ಅಂತೇನಿಲ್ಲ.

ಮಾನ್ವಿ ಮೇಷ್ಟ್ರು
ಜಿಟ್ಸಿ ಕೂಡ ಇದೆ. ಯಾರು ಬೇಕಾದರೂ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶ. 40 ನಿಮಿಷ, 60 ನಿಮಿಷ ಅಂತ ಕತ್ತರಿಸುವುದಿಲ್ಲ. ಮೊದಲು ಖಾತೆಯೇ ಇಲ್ಲದೆ ಸಭೆ ಕರೆಯಬಹುದಿತ್ತು. 2023ರಿಂದ ಅವರ ತಾಣದಲ್ಲಿ ಕರೆಯುವವರು ಮಾತ್ರ ಲಾಗಿನ್ ಆಗಬೇಕು, ಸೇರುವವರಿಗೆ ಖಾತೆ ಬೇಡ. ನನಗೆ ಇಷ್ಟ. ಆದರೆ ನಿಮ್ಮ ಗುಂಪಿನ ನೆಟ್‌ವರ್ಕ್‌ಗೆ, ಅಷ್ಟು ಮಂದಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಕಾರಟಗಿ ಕಾಕಾ
ತುಂಗಭದ್ರಾ ಡ್ಯಾಮಿನ 19ನೇ ಗೇಟು ಹೋದ ರಾತ್ರಿ ಇಂಥದ್ದು ಒಂದಿರಬೇಕಿತ್ತು.

ಮಸ್ಕಿ ಹುಡುಗಿ
2024ರ ಆಗಸ್ಟ್ 10 ಅಲ್ವಾ ಕಾಕಾ? ಆ ರಾತ್ರಿ ನಮ್ಮ ಓಣಿಯಲ್ಲಿ ಡ್ಯಾಮೇ ಒಡೆಯಿತು ಅಂತ ಸುದ್ದಿ. ಯಾವುದೋ ಊರಿನ ಪ್ರವಾಹದ ವಿಡಿಯೋ ನಮ್ಮ ಡ್ಯಾಮಿನದು ಅಂತ ಹರಿದಾಡಿತು.

ಕಾರಟಗಿ ಕಾಕಾ
ಹೂಂ ತಾಯೀ. ಸರಪಳಿ ಹರಿದು ಒಂದು ಗೇಟು ಕೊಚ್ಚಿ ಹೋಗಿತ್ತು. ಉಳಿದ 32 ಗೇಟು ಜಾಗದಲ್ಲೇ ಇದ್ದವು. ಯಾರಿಗೆ ಗೊತ್ತಿತ್ತು ಆ ರಾತ್ರಿ? ನಾಟಿ ಆಗಿತ್ತು, ಈ ನೀರು ಹೊಳೆಗೆ ಹೋದರೆ ಬೆಳೆ ಹೇಗೆ ಅಂತ ಯಾರೂ ನಿದ್ದೆ ಮಾಡಲಿಲ್ಲ. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಬಂದು ಒಂದು ವಾರದೊಳಗೆ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗಕ್ಕೆ ಅಡ್ಡ ಇಳಿಸುವ ಉಕ್ಕಿನ ತಡೆ, ಇಳಿಸಿ ನೀರು ಉಳಿಸಿದರು. ಆ ವಯಸ್ಸಿನಲ್ಲಿ ಅಲ್ಲಿ ನಿಂತು ಕೆಲಸ ಮಾಡಿಸಿದ ಮನುಷ್ಯನಿಗೆ ನಮ್ಮ ಕಡೆಯ ರೈತರು ಎಂದೂ ಋಣಿ.

ತೋರಣಗಲ್ಲು ಶಿಫ್ಟ್
ಆ ಸ್ಟಾಪ್‌ಲಾಗ್ ಮಾಡುವ ಕೆಲಸದಲ್ಲಿ ನಮ್ಮ ಹೊಸಪೇಟೆ, ತೋರಣಗಲ್ಲು ಕಡೆಯ ಕೈಗಳೂ ಇದ್ದವು ಕಾಕಾ.

ಸಿರವಾರದ ರೈತ
ಅದನ್ನೇ ನಾನೂ ಯೋಚನೆ ಮಾಡಿದ್ದು. 227 ಕಿಲೋಮೀಟರ್ ಕಾಲುವೆ. ಮೇಲ್ಭಾಗದಲ್ಲಿ ಏನಾಯಿತು ಅಂತ ನಮಗೆ ತಿಳಿಯೋದು ನೀರು ಬರದೇ ಇದ್ದಾಗ. 69ನೇ ಮೈಲಿನ ಗೇಜು ನೋಡಿದವರು ಒಬ್ಬರು ಸಭೆಯಲ್ಲಿದ್ದು ‘ಇಷ್ಟಿದೆ’ ಅಂತ ತಮ್ಮ ಬಾಯಲ್ಲೇ ಹೇಳಿದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಸಂಘದಕ್ಕ, ಕೊಪ್ಪಳ
ಗೇಜಿನ ಫೋಟೋ ಹಾಕಿಸಿ. ತಾರೀಖು, ಗಂಟೆ ಕಾಣಬೇಕು.

ಬಳ್ಳಾರಿ ಟೆಕ್ಕಿ
ಫೋಟೋ, ಸರದಿ ಪಟ್ಟಿ ಎಲ್ಲರಿಗೂ ತೋರಿಸಿ ಮಾತಾಡಬೇಕು ಅಂದರೆ ಮತ್ತೆ ಮೀಟ್ ಬೇಕು ನೋಡಿ. ಸ್ಕ್ರೀನ್ ಹಂಚಬಹುದು.

ಬೆಂಗಳೂರಿನ ದೇವದುರ್ಗದವ
ಸ್ಕ್ರೀನ್ ಯಾಕೆ? ಫೋಟೋ ಗುಂಪಿಗೆ ಮೊದಲೇ ಹಾಕಿದರೆ ಎಲ್ಲರೂ ತೆರೆದು ನೋಡುತ್ತಾರೆ. ನಿಮ್ಮ ಆಫೀಸಿನ ಸಭೆಯಲ್ಲಿ ಎಲ್ಲರಿಗೂ ವೈಫೈ ಇರುತ್ತದೆ ಸರ್. ಇಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ.

ಬಳ್ಳಾರಿ ಟೆಕ್ಕಿ
ಅದೂ ಸರಿ ಅಣ್ಣಾ. ಟವರ್ ಹೋದಾಗ ಯಾವ ಆ್ಯಪೂ ಇಲ್ಲ. ಆದರೆ 60 ಮಂದಿ ಒಟ್ಟಿಗೆ ಮಾತಾಡಿದರೆ ಹಿಡಿತಕ್ಕೆ ಏನು ಮಾಡುತ್ತೀರಿ? ಮೇಷ್ಟ್ರು ಹೇಳಿದ ಹಾಗೆ ಎಲ್ಲರನ್ನೂ ಒಮ್ಮೆಗೇ ಮ್ಯೂಟ್ ಮಾಡುವ ಅನುಕೂಲ ಮೀಟ್‌ನಲ್ಲಿದೆ. ನಾನು ಅದನ್ನು ಬಿಟ್ಟುಕೊಡಲ್ಲ.

ಗಂಗಾವತಿ ಸೋನಾ
ನಾನು ಒಂದು ರೈತ ಉತ್ಪಾದಕ ಕಂಪನಿಯ ನಿರ್ದೇಶಕ. ಇಲ್ಲಿ ಯಾರೂ ಹೇಳದ ಮಾತು ಹೇಳುತ್ತೇನೆ. ನೀರಿನ ಸರದಿ ಫೋನಲ್ಲಿ ತೀರ್ಮಾನ ಮಾಡಿಕೊಳ್ಳಿ, ಅದು ನಿಮ್ಮ ನಿಮ್ಮ ಒಪ್ಪಂದ. ದುಡ್ಡು, ಪದಾಧಿಕಾರಿಗಳ ಆಯ್ಕೆ, ವಾರ್ಷಿಕ ಸಭೆ ಬಂದಾಗ ಜೋಪಾನ. ನಮ್ಮಂಥ ಕಂಪನಿಗಳ ನಿರ್ದೇಶಕರು ವಿಡಿಯೋ ಮೂಲಕ ಸಭೆಗೆ ಬರಬಹುದು ಅಂತ 2013ರ ಕಂಪನಿ ಕಾಯ್ದೆಯ 173ನೇ ಕಲಮಿನಲ್ಲೇ ಇದೆ. ವಾರ್ಷಿಕ ಸಭೆಗೂ 2020ರಿಂದ ಕೇಂದ್ರದ ಕಂಪನಿ ವ್ಯವಹಾರಗಳ ಇಲಾಖೆ ಸುತ್ತೋಲೆ ಹೊರಡಿಸಿ ದಾರಿ ಮಾಡಿಕೊಟ್ಟಿತು. ಸಹಕಾರ ಸಂಘ ಅಂದರೆ ಕಾಯ್ದೆ ಬೇರೆ. ನಿಮ್ಮದು ನೋಂದಣಿ ಆದ ಸಂಘವಾಗಿದ್ದರೆ ಬೈಲಾ ತೆಗೆದು ಓದಿ, ಆಮೇಲೆ ಮುಂದಿನ ಮಾತು.

ಸಿರವಾರದ ರೈತ
ನೋಂದಣಿ ಇಲ್ಲ ಅಣ್ಣಾ, ಬರೀ ನಮ್ಮ ನಮ್ಮ ಗುಂಪು. ದುಡ್ಡಿನ ವಿಷಯ ಕಟ್ಟೆಯ ಮೇಲೆ ಕೂತೇ ಮಾಡುತ್ತೇವೆ.

ಮಾನ್ವಿ ಮೇಷ್ಟ್ರು
ಹಾಗಿದ್ದರೂ ತೀರ್ಮಾನ ಬರೆದಿಡಿ. ಸಭೆ ಮುಗಿಯುವ ಮುಂಚೆ ಒಬ್ಬರು ಜೋರಾಗಿ ಓದಬೇಕು: ಇಂಥ ದಿನದಿಂದ ಇಂಥ ದಿನದವರೆಗೆ ಈ ತೂಬು, ಒಪ್ಪಿದವರು ಇಷ್ಟು, ಒಪ್ಪದವರು ಇವರು. ಅದನ್ನೇ ಗುಂಪಿಗೆ ಹಾಕಬೇಕು. ವೋಟು ಬೇಕಾದರೆ ವಾಟ್ಸಾಪ್‌ನಲ್ಲಿ ಪೋಲ್ ಇದೆ. ಒಬ್ಬರು ಒಂದೇ ಉತ್ತರ ಒತ್ತುವ ಹಾಗೆ ಇಡಿ. ಸಭೆಗೆ ಬರಲಾಗದವನೂ ಬೆಳಗ್ಗೆ ಎದ್ದು ಒತ್ತುತ್ತಾನೆ.

ಮಸ್ಕಿ ಹುಡುಗಿ
ಸರ್, ಪೋಲ್‌ನಲ್ಲಿ ಯಾರು ಏನು ಒತ್ತಿದರು ಅಂತ ಎಲ್ಲರಿಗೂ ಕಾಣುತ್ತದೆ. ಮೇಲಿನವರ ಮುಖ ನೋಡಿ ಒತ್ತುವವರೇ ಜಾಸ್ತಿ ಆಗುತ್ತಾರೆ.

ಮಾನ್ವಿ ಮೇಷ್ಟ್ರು
ನಿಜ ತಾಯೀ. ಆದರೆ ನೀರಿನ ವಿಷಯದಲ್ಲಿ ಬಚ್ಚಿಟ್ಟ ವೋಟು ಇನ್ನೂ ಅನುಮಾನ ಹುಟ್ಟಿಸುತ್ತದೆ ಅಂತ ನನ್ನ ಅನಿಸಿಕೆ. ನಾಳೆ ತೂಬಿನ ಹತ್ತಿರ ‘ನಾನು ಒಪ್ಪಿರಲಿಲ್ಲ’ ಅನ್ನುವವನಿಗೆ ತೋರಿಸಲು ಏನಾದರೂ ಇರಬೇಕಲ್ಲ?

ಮಸ್ಕಿ ಹುಡುಗಿ
ಅದಕ್ಕೇ ಮೊದಲು ಎಲ್ಲರನ್ನೂ ಹೆಸರು ಕರೆದು ಮಾತಾಡಿಸಿ, ಆಮೇಲೆ ಪೋಲ್ ಹಾಕಿ ಅನ್ನೋದು. ಸುಮ್ನೆ ಪೋಲ್ ಮಾತ್ರ ಹಾಕಿದರೆ ನಾನು ಒಪ್ಪಲ್ಲ.

ಸಂಘದಕ್ಕ, ಕೊಪ್ಪಳ
ಗಂಟೆ ಯಾವಾಗ ಇಡುತ್ತೀರಿ? ಏಳು ಗಂಟೆಗೆ ಇಟ್ಟರೆ ಹೆಣ್ಣುಮಕ್ಕಳಿಗೆ ಅಡುಗೆ. ಹತ್ತಕ್ಕೆ ಇಟ್ಟರೆ ಪಂಪಿಗೆ ತ್ರೀಫೇಸ್ ಬಂತು ಅಂತ ಗಂಡಸರು ಎದ್ದು ಹೊರಡುತ್ತಾರೆ. ಊಟ ಮುಗಿದ ಮೇಲೆ, ಎಂಟೂವರೆ ಒಂಬತ್ತರ ನಡುವೆ ಸರಿ.

ಸಿಂಧನೂರು ಮೊಬೈಲ್
ಕ್ಯಾಂಪಿನವರು ಇದ್ದಾರೆ ಅಂದಿರಿ. ತೆಲುಗಲ್ಲೂ ಒಮ್ಮೆ ಹೇಳಿಸಿ. ನಮ್ಮ ಕಡೆ ಎರಡೂ ಬರುವವರು ಬೇಕಾದಷ್ಟು ಜನ ಇದ್ದಾರೆ.

ಸಿರವಾರದ ರೈತ
ಎಲ್ಲರೂ ಇಷ್ಟು ಮನಸ್ಸಿಟ್ಟು ಹೇಳಿದಿರಿ, ತುಂಬಾ ಸಂತೋಷ. ನಮ್ಮ ಮುಖಂಡರ ಜೊತೆ ಮಾತಾಡಿದೆ. ಸರದಿ ತೀರ್ಮಾನಕ್ಕೆ ವಾಟ್ಸಾಪ್ ವಾಯ್ಸ್ ಚಾಟ್. ಕೀಪ್ಯಾಡ್ ಫೋನಿನವರನ್ನು ಬಿಟ್ಟು ಎಲ್ಲರ ಫೋನಲ್ಲೂ ವಾಟ್ಸಾಪ್ ಇದೆ, ಹೊಸದಾಗಿ ಏನೂ ಹಾಕಿಕೊಳ್ಳಬೇಕಿಲ್ಲ. ಕೃಷಿ ವಿಜ್ಞಾನಿಗಳೋ ಎಂಜಿನಿಯರೋ ಬಂದು ಮಾತಾಡುವಾಗ ಗೂಗಲ್ ಮೀಟ್. ಅಲ್ಲಿ ಪ್ರಶ್ನೆ ಕೇಳುವವರನ್ನು ಬಿಟ್ಟು ಉಳಿದವರು ಮ್ಯೂಟ್. ಕೀಪ್ಯಾಡ್ ಫೋನಿನವರಿಗೆ ಶಾಲೆ ಕಟ್ಟೆಯ ಮೇಲೆ ಒಂದು ಫೋನ್, ಒಂದು ಸ್ಪೀಕರ್. ಹೊಲ ಯಾರ ಹೆಸರಿನಲ್ಲಿದೆಯೋ ಅವರ ಹೆಸರನ್ನೇ ಕರೆಯುವುದು.

ಬಳ್ಳಾರಿ ಟೆಕ್ಕಿ
ಮೀಟ್‌ಗೆ 60 ನಿಮಿಷ ಅಂತ ಮರೆಯಬೇಡಿ. ಮುಗಿಯುವ ಮುಂಚೆ ಇನ್ನೊಂದು ಲಿಂಕ್ ಗುಂಪಿಗೆ ಹಾಕಿಟ್ಟಿರಿ.

ಕಾರಟಗಿ ಕಾಕಾ
ಕೊನೆಭಾಗದವರನ್ನು ಮೊದಲು ಮಾತಾಡಿಸು ತಮ್ಮಾ. ಮೇಲ್ಭಾಗದವರು ಶುರು ಮಾಡಿದರೆ ಅವರ ಮಾತೇ ಮುಗಿಯಲ್ಲ.

ಮಾನ್ವಿ ಮೇಷ್ಟ್ರು
ಇನ್ನೊಂದು ಕೆಲಸ. ಎಷ್ಟೋ ಜನರ ವಾಟ್ಸಾಪ್‌ನಲ್ಲಿ ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆಯೋ ಹೂವೋ ಇರುತ್ತದೆ. ಯಾರು ಮಾತಾಡುತ್ತಿದ್ದಾರೆ ಅಂತಲೇ ತಿಳಿಯುವುದಿಲ್ಲ. ಹೆಸರು, ಊರು, ತೂಬಿನ ನಂಬರು ಹಾಕಿಸಿ.

ಸಿರವಾರದ ರೈತ
ಹಾಕಿಸುತ್ತೇನೆ ಸರ್. ಪಟ್ಟಿ ನನ್ನ ಹತ್ತಿರ ಇದೆ, ನಾಳೆಯೇ ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ.